ಬೀಳುವ ಮುನ್ನ ಅವರು ನೋಡುತ್ತಿದ್ದ ಕಡೆ

ಆತ ತೀರಿಕೊಂಡ ಸುದ್ದಿಯನ್ನು ಬೆಳಗಿನ ಪೇಪರಿನಲ್ಲಿ ಓದಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಬಿಳಿ ಸೀರೆ ಹುಡುಕಿದ್ದು. ಇಲ್ಲಿ ಸಾವಿನ ಮನೆಗೆ ಬಿಳಿ ಉಟ್ಟೇ ಹೋಗುತ್ತಾರೆ. ದಿಲ್ಲಿಯಲ್ಲಿ ಐವತ್ತು ವರ್ಷ ಕಳೆದ ಮೇಲೆ ಅದು ನನಗೂ ಅಭ್ಯಾಸವಾಗಿದೆ. ಕಪಾಟಿನ ಕೆಳಗಿನ ಅರೆಯಲ್ಲಿ ಇಸ್ತ್ರಿ ಮಾಡಿಟ್ಟ ಕೋಟಾ ಸೀರೆಯೊಂದಿತ್ತು. ಉಟ್ಟುಕೊಂಡು, ಒಂದು ಮಹಡಿ ಇಳಿದು, ಕೆಳಗಿನ ಫ್ಲ್ಯಾಟಿನ ಬೆಲ್ ಒತ್ತಿದೆ.

ಬಾಗಿಲು ತೆಗೆದವರು ಆತನ ಜೊತೆ ಇಪ್ಪತ್ತಾರು ವರ್ಷ ನರ್ತಿಸಿದವರು. ಮೂಲ ಮೈಸೂರು. ನನಗಿಂತ ನಾಲ್ಕು ವರ್ಷ ದೊಡ್ಡವರು, ಅಕ್ಕ ಅನ್ನುತ್ತೇನೆ. ವಸಂತ್ ಕುಂಜಿನ ನಮ್ಮ ಬ್ಲಾಕಿಗೆ ಅವರು ಬಂದು ಒಂಬತ್ತು ವರ್ಷವಾಯಿತು. ಎರಡೂ ಮಂಡಿ ಸವೆದಿವೆ. ಗೋಡೆ ಹಿಡಿದುಕೊಂಡೇ ಮನೆಯೊಳಗೆ ಓಡಾಡುತ್ತಾರೆ. ನಾನು ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಓದಿದವಳು ಎಂದು ತಿಳಿದ ದಿನದಿಂದ ಅವರಿಗೆ ನಾನು 'ಕಾನ್ವೆಂಟು'.

"ಇದೇನೇ ಕಾನ್ವೆಂಟು, ಬೆಳಗ್ಗೆ ಬೆಳಗ್ಗೆ ಈ ವೇಷ?"

"ಪೇಪರ್ ನೋಡಿದೆ ಅಕ್ಕಾ. ಐ ಆಮ್ ಸೋ ಸಾರಿ. ನಿಮ್ಮ… ನಿಮ್ಮವರು…"

"ನನ್ನವರು?" ಗೋಡೆಯತ್ತ ಗದ್ದ ಎತ್ತಿ ತೋರಿಸಿದರು. ಅಲ್ಲಿ ಅವರ ಗಂಡನ ಫೋಟೋ ಇತ್ತು, ರೈಲ್ವೆಯಲ್ಲಿದ್ದವರು. "ನನ್ನವರು ಹೋಗಿ ಹನ್ನೆರಡು ವರ್ಷ ಆಯ್ತು. ಅವರಿಗೆ ಯಾರೂ ಇಷ್ಟು ಚೆನ್ನಾಗಿ ಬಿಳಿ ಸೀರೆ ಉಟ್ಕೊಂಡು ಬರಲಿಲ್ಲ. ನಿನ್ನೆ ಹೋದವನು ಬೇರೆಯವಳ ಗಂಡ ಕಣೇ. ಲಕ್ಷ್ಮೀ ನಗರದಲ್ಲಿ ಅವಳು ಕೂತಿದ್ದಾಳೆ. ಹೋಗೋದಾದ್ರೆ ಅಲ್ಲಿಗೆ ಹೋಗು."

ಹಾಗೆ ತಿಳಿದವಳು ನಾನೊಬ್ಬಳೇ ಅಲ್ಲ. ಆ ದಿನ ಮಧ್ಯಾಹ್ನದೊಳಗೆ ಅಕ್ಕನ ಮನೆಗೆ ಏಳು ಹೂಗುಚ್ಛ ಬಂದವು. ಕೊನೆಗೆ ಅವರು ಗೇಟಿನ ಗಾರ್ಡ್ ಭಯ್ಯಾನಿಗೆ, "ನಾನು ಊರಲ್ಲಿಲ್ಲ ಅಂತ ಹೇಳಿ ಕಳಿಸು" ಎಂದುಬಿಟ್ಟರು.

ಆ ಇಬ್ಬರ ನೃತ್ಯವನ್ನು ನೋಡದವರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟ. ದಿಲ್ಲಿಯಲ್ಲಿ ಅದನ್ನು ಬ್ಯಾಲೆ ಎನ್ನುತ್ತಿದ್ದರು. ನನಗೆ ಬ್ಯಾಲೆ ಎಂದರೆ ಸಿಸ್ಟರ್ ಒಬ್ಬರ ಪುಸ್ತಕದಲ್ಲಿದ್ದ ಚಿತ್ರ, ಹೆಬ್ಬೆರಳ ತುದಿಯ ಮೇಲೆ ನಿಂತ ಬಿಳಿ ಫ್ರಾಕಿನ ಹುಡುಗಿ. ಇದು ಬೇರೆ. ಬರಿಗಾಲು, ಗೆಜ್ಜೆ, ಪಕ್ಕದಲ್ಲಿ ಕೂತು ಹಾಡುವವರು, ಎರಡೂವರೆ ಗಂಟೆಯ ಕಥೆ. ನದಿಯ ಈಚೆ ಒಬ್ಬ ಅಂಬಿಗ, ಅದು ಆತ; ಆಚೆ ಒಬ್ಬ ಹುಡುಗಿ, ಅದು ಅಕ್ಕ. ಹುಡುಗಿಯ ಮನೆಯವರು ಅವನ ದೋಣಿ ಒಡೆದುಹಾಕುತ್ತಾರೆ. ಕೊನೆಯ ದೃಶ್ಯದಲ್ಲಿ ಅವಳು ಎತ್ತರದ ದಡ ಹತ್ತಿ, ನದಿಗೆ ಬೆನ್ನು ಮಾಡಿ ನಿಂತು, ಹಿಂದಕ್ಕೆ ಬಿದ್ದುಬಿಡುತ್ತಾಳೆ. ತಿರುಗಿ ನೋಡುವುದಿಲ್ಲ. ಹದಿನಾರು ಜನ ಹಿಡಿದು ಅಲೆಯೆಬ್ಬಿಸುತ್ತಿದ್ದ ನೀಲಿ ಬಟ್ಟೆಯ ನಡುವಿನಿಂದ ಅವನು ಓಡಿ ಬಂದು ಹಿಡಿಯುತ್ತಾನೆ. ಅಷ್ಟೇ ಕಥೆ.

ಪ್ರತಿ ಚಳಿಗಾಲ ಆ ಒಂದು ಗಳಿಗೆಗಾಗಿ ಜನ ಸ್ವೆಟರು, ಶಾಲು ಹೊದ್ದುಕೊಂಡು ಬರುತ್ತಿದ್ದರು. ಪ್ರದರ್ಶನ ಮುಗಿದ ಮೇಲೆ ಹೊಸದಾಗಿ ಮದುವೆಯಾದ ಜೋಡಿಗಳು ಪಕ್ಕದ ಮೆಟ್ಟಿಲ ಹತ್ತಿರ ಸಾಲಾಗಿ ನಿಂತು, ಇನ್ನೂ ಬಣ್ಣ ಒರೆಸದ ಆ ಇಬ್ಬರ ಕಾಲು ಮುಟ್ಟುತ್ತಿದ್ದವು. ನಾನೂ ಮಗಳು ಅಳಿಯನನ್ನು ನಿಲ್ಲಿಸಿದ್ದೆ. ಮೂರನೆಯ ವರ್ಷ ಅವರು ಬೇರೆಯಾದರು, ಆ ಮಾತು ಇರಲಿ.

ನನ್ನವರು ಸೈನ್ಯದಲ್ಲಿದ್ದವರು. ಕೆಟ್ಟವರಲ್ಲ, ಮಾತು ಕಡಿಮೆ. ಊಟ, ಲೆಟರ್ಸ್, ಪೋಸ್ಟಿಂಗು, ಗುಡ್ ನೈಟ್. ಆದರೆ ಅಕ್ಕ ಬೆನ್ನು ತಿರುಗಿಸಿ ದಡದ ಮೇಲೆ ನಿಂತಾಗ ಅವರ ಕೈ ಕತ್ತಲಲ್ಲಿ ಬಂದು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುತ್ತಿತ್ತು. ದೀಪ ಹತ್ತಿದ ಮೇಲೆ ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ. ಒಂದು ಮದುವೆಗೆ ಅಷ್ಟು ಸಾಕೇ ಎಂದು ಈಗಿನವರು ಕೇಳಬಹುದು. ನಾನು ಅದರ ಮೇಲೆಯೇ ವರ್ಷವಿಡೀ ಬದುಕಿದ್ದೆ. ವೇದಿಕೆಯ ಮೇಲಿನ ಇಬ್ಬರು ಒಬ್ಬರನ್ನೊಬ್ಬರು ಅಷ್ಟು ನಂಬಿದ್ದಾರೆ ಎಂಬುದು ಎಲ್ಲೋ ನಮ್ಮಿಬ್ಬರಿಗೂ ಸಾಕ್ಷಿ ಹೇಳಿದಂತಿತ್ತು.

ಆ ಬೆಳಗ್ಗೆ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

"ನೋಡದೆ ಬೀಳ್ತಿದ್ದೆ ಅಂದ್ಕೊಂಡ್ಯಾ?"

"ಎಲ್ಲರೂ ಹಾಗೇ ಅಂದ್ಕೊಂಡಿದ್ದಾರೆ."

"ಒಂದು ವರ್ಷ ಹಾಗೇ ಬಿದ್ದೆ. ಅವನು ಎರಡು ಹೆಜ್ಜೆ ತಡ. ಪಕ್ಕೆಲುಬು ಹೋಯ್ತು. ಒಳ್ಳೆ ಡ್ಯಾನ್ಸರ್, ಆದ್ರೆ ಮರೆಗುಳಿ. ಕುಣೀತಾ ಕುಣೀತಾ ತನ್ನಲ್ಲೇ ತಾನು ಇರ್ತಿದ್ದ. ಇನ್ನು ಬೀಳಲ್ಲ ಅಂದೆ. ಆವಾಗ ಅವನ ಹೆಂಡತಿ ಬಂದು ಅಂದ್ಲು, 'ದೀದಿ, ನಾನು ಸೈಡಲ್ಲಿ ನಿಂತ್ಕೋತೀನಿ. ಇವರು ಜಾಗಕ್ಕೆ ಬಂದ ಮೇಲೆ ಸೆರಗು ತಲೆ ಮೇಲೆ ಎಳ್ಕೋತೀನಿ. ಅಲ್ಲೀವರೆಗೆ ಬೀಳಬೇಡಿ.' ನಾನು ನದಿಗೆ ಬೆನ್ನು ಮಾಡಿ ನಿಂತ್ರೆ ಮುಖ ಎಲ್ಲಿಗಿತ್ತು ಹೇಳು?"

ನಾನು ಯೋಚಿಸಿದೆ. ಪಕ್ಕದ ಪರದೆಯ ಕಡೆಗೆ. ಎಡಗಡೆಯ ಆ ಕತ್ತಲಿಗೆ.

"ಅವಳ ಕಡೆಗೆ," ಎಂದರು ಅಕ್ಕ. "ಹತ್ತೊಂಬತ್ತು ವರ್ಷ. ಜ್ವರ ಬಂದರೂ ಬಂದು ನಿಂತ್ಲು. ಬಾಣಂತಿಯಾಗಿದ್ದಾಗ ಕೂಸನ್ನ ಹೆಗಲಿಗೆ ಹಾಕ್ಕೊಂಡು ನಿಂತ್ಲು. ನಾನು ನಂಬಿದ್ದು ಅವಳನ್ನ. ಈಗಲೂ ದಿನಾ ಹನ್ನೊಂದು ಗಂಟೆಗೆ ಫೋನ್ ಮಾಡ್ತಾಳೆ. ಮಂಡಿ ಹೇಗಿದೆ, ದಾಲ್‌ಗೆ ಏನು ಹಾಕಿದೆ, ಅಷ್ಟೇ ಮಾತು. ನನಗೆ ಇನ್ನು ಉಳಿದಿರೋದು ಆ ಫೋನು."

ಅಷ್ಟು ವರ್ಷ ನನ್ನವರು ನನ್ನ ಕೈ ಹಿಡಿದದ್ದು ಯಾವುದನ್ನು ನೋಡಿ? ಕೇಳೋಣವೆಂದರೆ ಅವರೂ ಇಲ್ಲ.

ಎರಡು ದಿನ ಬಿಟ್ಟು ಹಳೆಯ ಪ್ರೇಕ್ಷಕರಲ್ಲಿ ಕೆಲವರು ನನಗೆ ಫೋನ್ ಮಾಡಿದರು. ಭಾನುವಾರ ನಾಲ್ಕಕ್ಕೆ ಆತನ ನೆನಪಿಗೆ ಪ್ರೇಯರ್ ಮೀಟ್, ಅಕ್ಕನನ್ನು ಕರೆತರಬೇಕು, ನೀವು ನೆರೆಯವರಲ್ಲವೇ ಎಂದರು. ಅಕ್ಕ ಆಗುವುದಿಲ್ಲ ಎಂದರು.

"ನಾನು ಅಲ್ಲಿ ಹೋಗಿ ಕೂತ್ರೆ ಅವಳು ಯಾರ ಕಣ್ಣಿಗೂ ಬೀಳಲ್ಲ. ಗಂಡ ಸತ್ತ ದಿನವಾದ್ರೂ ಅವಳು ಹೆಂಡತಿಯಾಗಿರಲಿ ಬಿಡೇ."

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. "ಹಾಗಾದ್ರೆ ಇದನ್ನೇ ಹೋಗಿ ಹೇಳಿ ಅಕ್ಕಾ, ಮೈಕ್ ಹಿಡಿದು ಹೇಳಿ. ಜನಕ್ಕೆ ಗೊತ್ತಾಗಲಿ. ಇಟ್ಸ್ ಓನ್ಲಿ ಫೇರ್," ಎಂದೆ. ಎರಡು ದಿನ ಅವರ ಬೆನ್ನು ಬಿಡಲಿಲ್ಲ. ಅವರನ್ನು ಮತ್ತೊಮ್ಮೆ ಆ ಜನರ ನಡುವೆ ನೋಡುವ ಆಸೆ ನನಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ನ್ಯಾಯದ ಮಾತೆಲ್ಲ ಅದರ ಮೇಲಿನ ಮುಸುಕು.

"ಸರಿ, ನಡಿ. ಹೋಗಿ ನಿಜ ಹೇಳಿ ಬರೋಣ," ಎಂದರು ಕೊನೆಗೆ.

ಹಾಲಿನಲ್ಲಿ ಬಿಳಿ ಚಾದರ ಹಾಸಿದ್ದರು. ಆತನ ದೊಡ್ಡ ಫೋಟೋ, ಗುಲಾಬಿ ಎಸಳು ತುಂಬಿದ ತಟ್ಟೆ. ಫೋಟೋದ ಪಕ್ಕ ಚಾದರದ ಮೇಲೆ ಹೆಂಡತಿ ಕೂತಿದ್ದರು. ಸಣ್ಣ ಮೈಕಟ್ಟಿನ ಹೆಂಗಸು, ತಲೆಯ ಮೇಲೆ ಸೆರಗು. ಮಂಡಿಯ ದೆಸೆಯಿಂದ ಅಕ್ಕನಿಗೆ ಕುರ್ಚಿ ಹಾಕಿದರು, ಸರಿಯಾಗಿ ಫೋಟೋದ ಮುಂದೆ. ಅದೇ ಸಾಕಾಯಿತು. ಬಂದವರೆಲ್ಲ ಫೋಟೋಗೆ ಹೂ ಹಾಕಿ, ತಿರುಗಿ, ಅಕ್ಕನ ಕಾಲು ಮುಟ್ಟತೊಡಗಿದರು. ನನ್ನ ವಯಸ್ಸಿನವರು, ಕೋಲೂರಿಕೊಂಡು ಬಂದವರು. ಒಬ್ಬಾಕೆ ಅಕ್ಕನ ಮಡಿಲಲ್ಲಿ ತಲೆಯಿಟ್ಟು, "ಇನ್ನು ನಿಮ್ಮನ್ನು ಯಾರು ಹಿಡಿಯುತ್ತಾರೆ" ಎಂದು ಅತ್ತಳು. ಹೆಂಡತಿಯ ಮುಂದೆ ಕೈ ಮುಗಿದವರು ಬೆರಳೆಣಿಕೆಯಷ್ಟು. ಬಗ್ಗಿದ ಬೆನ್ನುಗಳ ಮೇಲಿನಿಂದ ಅಕ್ಕ ಆಕೆಯ ಕಡೆಗೇ ನೋಡುತ್ತಿದ್ದರು. ಆಕೆ ಚಾದರ ನೋಡುತ್ತಿದ್ದರು.

ಮೈಕ್ ಕೈಗೆ ಬಂದಾಗ ಅಕ್ಕ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದರು, ಪಕ್ಕೆಲುಬು, ಸೆರಗು, ಹೆಗಲ ಮೇಲಿನ ಕೂಸು. "ನೀವು ನೋಡಿದ್ದು ನಮ್ಮಿಬ್ಬರನ್ನು. ನಾನು ನೋಡಿದ್ದು ಇವಳನ್ನು," ಎಂದರು.

ಆಮೇಲೆ ಮುಂದಿನ ಸಾಲಿನ ಮುದುಕರೊಬ್ಬರು ಕಣ್ಣೊರೆಸಿಕೊಂಡು, "ವಾಹ್! ಎಂಥ ದೊಡ್ಡ ಮನಸ್ಸು! ದುಃಖದಲ್ಲೂ ಇನ್ನೊಬ್ಬರಿಗೆ ಶ್ರೇಯಸ್ಸು ಕೊಡುತ್ತಿದ್ದಾರೆ!" ಎಂದರು. ಚಪ್ಪಾಳೆ ಬಿತ್ತು. ಪ್ರೇಯರ್ ಮೀಟಿನಲ್ಲಿ ಚಪ್ಪಾಳೆ! ಇನ್ನಷ್ಟು ಜನ ಅಕ್ಕನ ಕಾಲಿಗೆ ಬಂದರು. ಗದ್ದಲ ಕರಗಿದ ಮೇಲೆ ನೋಡಿದರೆ ಫೋಟೋದ ಪಕ್ಕ ಚಾದರ ಖಾಲಿ. ಯಾರೋ ಆಕೆಯನ್ನು ಮನೆಗೆ ಕರೆದುಕೊಂಡು ಹೋಗಿದ್ದರು.

ಮರುದಿನ ಹನ್ನೊಂದಕ್ಕೆ ಫೋನ್ ಬರಲಿಲ್ಲ. ಅದರ ಮರುದಿನವೂ. ಅಕ್ಕ ಮಾಡಿದರೆ ರಿಂಗಾಗಿ ನಿಲ್ಲುತ್ತಿತ್ತು. ಒಂದು ವಾರ ಕಳೆಯಿತು. ಅಕ್ಕ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಹತ್ತೂಮುಕ್ಕಾಲಿಗೆ ಕುರ್ಚಿಯನ್ನು ಫೋನಿನ ಹತ್ತಿರ ಎಳೆದುಕೊಳ್ಳುತ್ತಿದ್ದರು, ಹನ್ನೆರಡಕ್ಕೆ ಎದ್ದು ಅನ್ನಕ್ಕಿಡುತ್ತಿದ್ದರು. ಲಕ್ಷ್ಮೀ ನಗರದ ಆ ಮನೆ ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಅಕ್ಕ ಹತ್ತಲಾರರು.

ನಾನು ಹತ್ತುತ್ತೇನೆ ಎಂದೆ.

ಕೆಳಗೆಲ್ಲ ಕೋಚಿಂಗ್ ಸೆಂಟರುಗಳು, ಗೋಡೆಯ ತುಂಬ ಪಾಸಾದ ಮಕ್ಕಳ ಮುಖಗಳು. ಪ್ರತಿ ಮಹಡಿಗೂ ನಿಂತು ಉಸಿರು ತೆಗೆದುಕೊಂಡು ಹತ್ತಿದೆ. ಆಕೆಯೇ ಬಾಗಿಲು ತೆಗೆದರು. ನೀರು ಕೊಟ್ಟರು, ಫ್ಯಾನ್ ಜೋರು ಮಾಡಿದರು. ನಾನು ತಯಾರು ಮಾಡಿಕೊಂಡಿದ್ದನ್ನೆಲ್ಲ ನನ್ನ ಕಾನ್ವೆಂಟ್ ಹಿಂದಿಯಲ್ಲಿ ಹೇಳಿದೆ. ದೀದಿಯದು ತಪ್ಪಿಲ್ಲ, ಬರುವುದೇ ಇಲ್ಲ ಎಂದಿದ್ದರು, ಬಲವಂತ ಮಾಡಿದವಳು ನಾನು. ದೀದಿ ಊಟ ಸರಿಯಾಗಿ ಮಾಡುತ್ತಿಲ್ಲ. ದೀದಿಗೆ ನಿಮ್ಮ ಫೋನ್ ಬಂದರೆ ಸಾಕು.

ಆಕೆ ಕೊನೆಯವರೆಗೂ ಕೇಳಿದರು.

"ದೀದಿಯ ಮೇಲೆ ನನಗೆ ಸಿಟ್ಟಿಲ್ಲ ಬೆಹೆನ್‌ಜೀ," ಎಂದರು. "ಆದರೆ ಆ ಕತ್ತಲಲ್ಲಿ ನಿಂತದ್ದು ನನ್ನದೊಂದು ಸ್ವಂತದ ವಿಷಯವಾಗಿತ್ತು. ಇವರಿಗೂ ನಾನು ಅದರ ಬಗ್ಗೆ ಹೆಚ್ಚು ಹೇಳಿದವಳಲ್ಲ. ಅದನ್ನು ಮೈಕಿನಲ್ಲಿ ಹೇಳಿದರು, ಜನ ಚಪ್ಪಾಳೆ ತಟ್ಟಿ ಅದನ್ನೂ ದೀದಿಗೇ ಕೊಟ್ಟರು. ಈಗ ಫೋನ್ ಹಿಡಿದರೆ ಏನು ಮಾತಾಡಲಿ?"

"ದಾಲ್, ಮಂಡಿ, ಏನಾದರೂ…"

ಆಕೆ ಸ್ವಲ್ಪ ನಕ್ಕರು. "ನೀವು ಬಂದು ಅರ್ಧ ಗಂಟೆಯಾಯಿತು. ದೀದಿ ಊಟ ಮಾಡುತ್ತಿಲ್ಲ ಎಂದಿರಿ. ನನ್ನ ಗಂಡ ತೀರಿಕೊಂಡಿದ್ದಾರೆ, ಅದು ನಿಮಗೆ ಗೊತ್ತಲ್ಲವೇ?"

ನಾನು ಬಾಯಿ ತೆರೆದೆ. ಆಕೆ ಕೈ ಎತ್ತಿದರು. "ಈಗ ಬೇಡ. ಈಗ ಹೇಳಿದರೆ ನಾನು ಕೇಳಿ ಹೇಳಿಸಿಕೊಂಡ ಹಾಗಾಗುತ್ತೆ. ಚಲೋ, ನಿಧಾನವಾಗಿ ಇಳಿಯಿರಿ, ಮೆಟ್ಟಿಲು ಕಡಿದು."

ಕ್ಯಾಬಿನಲ್ಲಿ ಯಮುನೆ ದಾಟುವಾಗಲೂ ನನ್ನ ಕಿವಿ ಉರಿಯುತ್ತಿತ್ತು. ಏನಾದರೂ ಒಳ್ಳೆಯದನ್ನು ಜೋಡಿಸಿ ಹೇಳೋಣ ಎಂದುಕೊಂಡು ಅಕ್ಕನ ಮನೆ ಹೊಕ್ಕೆ. ಅವರ ಮುಖ ನೋಡಿ ಆಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಆ ಕೊನೆಯ ಮಾತನ್ನೂ.

ಅಕ್ಕ ಬಹಳ ಹೊತ್ತು ಮಂಡಿ ಸವರಿಕೊಂಡರು. "ಅಚ್ಛಾ," ಎಂದರು. ಆಮೇಲೆ, "ನಾಳೆ ಮತ್ತೆ ಹೋಗ್ತೀಯಾ? ಕಾಲು ನೋವಿದ್ರೆ ನಾಡಿದ್ದು ಹೋಗು."

"ಹೋಗಿ ಏನಂತ ಹೇಳಲಿ ಅಕ್ಕಾ?"

"ನನ್ನ ವಿಷಯ ಎತ್ತಬೇಡ. ಫೋನಿನ ವಿಷಯಾನೂ ಬೇಡ. ಅವಳ ಗಂಡನ ಬಗ್ಗೆ ಮಾತಾಡು."

ಆಗಲಿ ಎಂದೆ. ಮೇಲೆ ಬಂದು ಕೂತಿದ್ದೇನೆ. ಆತನನ್ನು ಇಪ್ಪತ್ತು ಚಳಿಗಾಲ ನೋಡಿದ್ದೇನೆ. ಆತ ಎಡಗಾಲು ಹೇಗೆ ಇಡುತ್ತಿದ್ದ, ಬಟ್ಟೆಯ ಅಲೆಯೊಳಗಿಂದ ತಲೆ ಹೇಗೆ ಮೇಲೆತ್ತುತ್ತಿದ್ದ, ಕಣ್ಣು ಮುಚ್ಚಿಯೂ ಹೇಳಬಲ್ಲೆ. ಮನೆಯಲ್ಲಿ ಆತ ಚಹಾ ಕುಡಿಯುತ್ತಿದ್ದನೋ ಕಾಫಿಯೋ ಗೊತ್ತಿಲ್ಲ. ಯಾವ ಕಾಯಿಲೆಯಿಂದ ಹೋದ, ಎಷ್ಟು ದಿನ ಮಲಗಿದ್ದ, ಅದೂ ಗೊತ್ತಿಲ್ಲ. ನಾಳೆ ಆ ಮೂರು ಮಹಡಿ ಹತ್ತಿ ಹೋಗಿ ಕೂತು, ಅವನ್ನೆಲ್ಲ ಆಕೆಯನ್ನೇ ಕೇಳಬೇಕು. ಆಕೆ ಬಾಗಿಲು ತೆಗೆದರೆ.