ಗುಮ್ಮಟ ಇಳಿಸುವ ಚನ್ನಣ್ ಸಿಂಗ್

ಬೆಳಗಿನ ಜಾವದ ಗ್ರಂಥಪಠಣ ಇನ್ನೂ ಮುಗಿದಿಲ್ಲ. ಕೋಟ್ ಸಧಾಣಾ ಹಳ್ಳಿಯ ಹಳೇ ಗುರುದ್ವಾರದ ಗುಮ್ಮಟದ ಮೇಲೆ ಚನ್ನಣ್ ಸಿಂಗ್ ಬರಿಗಾಲಲ್ಲಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕೂತಿದ್ದಾರೆ. ಮಂಜು ದಟ್ಟವಾಗಿದೆ, ಕೆಳಗೆ ನಿಂತವರಿಗೆ ಅವರ ನೀಲಿ ಪೇಟವಷ್ಟೇ ಕಾಣುತ್ತದೆ. ಉಳಿಯ ತುದಿಯನ್ನು ಗಾರೆಯ ಸಂದಿಗಿಟ್ಟು ಮೆಲ್ಲಗೆ ತಟ್ಟುತ್ತಾರೆ. ಇಟ್ಟಿಗೆ ಸಡಿಲವಾದಾಗ 'ವಾಹೆಗುರು' ಅನ್ನುತ್ತಾರೆ, ಹಣೆಗೆ ಒತ್ತಿಕೊಂಡು ಕೆಳಗಿನ ಕೈಗೆ ದಾಟಿಸುತ್ತಾರೆ. ಅಲ್ಲಿಂದ ಅದು ಕೈಯಿಂದ ಕೈಗೆ ಇಳಿದು ಲಾರಿ ಸೇರುತ್ತದೆ. ಗುರುಮನೆಯ ಇಟ್ಟಿಗೆ ಯಾರ ಕಾಲಡಿಗೂ ಬೀಳಬಾರದಲ್ಲ, ಅದಕ್ಕೇ ಎಲ್ಲವೂ ಬಿಯಾಸ್ ನದಿಗೆ ಹೋಗುತ್ತದೆ.

"ಏನ್ ಚಾಚಾ, ಗುಮ್ಮಟ ಇಳಿಸ್ತಿದೀಯೋ, ಮೊಮ್ಮಗಳ ತಲೆಯಲ್ಲಿ ಹೇನು ಹುಡುಕ್ತಿದೀಯೋ? ಲಾರಿ ಕಾಯ್ತಾ ಇದೆ!" ಗುರುದ್ವಾರ ಸಮಿತಿಯ ಪ್ರಧಾನ ಲಖಬೀರ್ ಸಿಂಗ್ ಕೆಳಗಿನಿಂದ ಕೂಗುತ್ತಾರೆ.

"ಲಾರಿಗೆ ಒಂದು ಲೋಟ ಚಾ ಕುಡಿಸು ಪ್ರಧಾನ, ಸಮಾಧಾನ ಆಗುತ್ತೆ," ಮಂಜಿನೊಳಗಿಂದ ಉತ್ತರ ಬರುತ್ತದೆ. ಇಟ್ಟಿಗೆಯ ಸಾಲಿನಲ್ಲಿ ನಿಂತ ಹೆಂಗಸರು ನಗುತ್ತಾರೆ.

ಎಪ್ಪತ್ತು ದಾಟಿದ ಈ ಮನುಷ್ಯ ಹುಟ್ಟಿದ್ದು ಗುಮ್ಮಟ ಕಟ್ಟುವವರ ಮನೆಯಲ್ಲಿ. ಸುಣ್ಣಕ್ಕೆ ಬೆಲ್ಲ, ಉದ್ದಿನಹಿಟ್ಟು ಬೆರೆಸಿ ವಾರಗಟ್ಟಲೆ ಕೊಳೆಸಿ ಅರೆಯುವುದು, ಗುಮ್ಮಟದ ಬುಡಕ್ಕೆ ತಾವರೆಯ ಎಸಳು ಕೂರಿಸುವುದು, ಹಸಿ ಗಾರೆ ಒಣಗುವ ಮೊದಲೇ ಅದರೊಳಕ್ಕೆ ಬಣ್ಣ ಇಳಿಸುವುದು, ಇವೆಲ್ಲ ಅವರಿಗೆ ಅಪ್ಪ ಸೋಹನ್ ಸಿಂಗರಿಂದ ಬಂದ ವಿದ್ಯೆ. ಅಪ್ಪನಿಗೆ ಕಲಿಸಿದವರು ಕಸೂರಿನ ರಮಜಾನ್ ಮಿಸ್ತ್ರಿ. ದೇಶ ಒಡೆದ ವರ್ಷ ಮಿಸ್ತ್ರಿ ಗಡಿಯಾಚೆ ನಡೆದುಬಿಟ್ಟರು, ವಿದ್ಯೆ ಈಚೆ ಉಳಿಯಿತು.

"ಇದು ನಮ್ಮ ಶೈಲಿ, ಅದು ಅವರ ಶೈಲಿ ಅಂತ ಈಗಿನೋರು ಕಿತ್ತಾಡ್ತಾರೆ," ಅನ್ನುತ್ತಾರೆ ಚನ್ನಣ್ ಸಿಂಗ್, ಗುರುದ್ವಾರದ ಊಟದ ಮನೆಯಾದ ಲಂಗರಿನ ಕಟ್ಟೆಯ ಮೇಲೆ ಕೂತು ಪರಾಠಾ ಮುರಿಯುತ್ತ. "ನಮ್ಮಪ್ಪ ಹೇಳೋರು, ಈ ಏಳು ಬಳುಕಿನ ಕಮಾನು ಮೊಗಲರದು, ಮೂಲೇಲಿರೋ ಛತ್ರಿಯಂಥ ಪುಟ್ಟ ಗೋಪುರ ರಜಪೂತರದು, ಬಾಗಿದ ಸೂರು ಬಂಗಾಳದ ಗುಡಿಸಲಿಂದು. ಎಲ್ಲರ ಮನೇಲೂ ಒಂದೊಂದು ಹಿಡಿ ಹಿಟ್ಟು ಬೇಡಿ ತಂದು ರೊಟ್ಟಿ ಮಾಡಿದೀವಿ. ಆದ್ರೆ ನಾಲ್ಕು ದಿಕ್ಕಿಗೂ ಬಾಗಿಲು ಇಟ್ಟು, ಯಾರು ಬೇಕಾದ್ರೂ ಬನ್ನಿ ಅಂದಿದ್ದು ನಾವು. ಆ ರೊಟ್ಟಿ ನಮ್ದು."

ಹೀಗೆ ಮಾತಾಡಬಲ್ಲವರನ್ನು ಕಟ್ಟಲು ಕರೆದು ಮೂವತ್ತು ವರ್ಷವಾಯಿತು. ಈಗ ಎಲ್ಲ ಊರಿಗೂ ದೊಡ್ಡದು ಬೇಕು, ಎತ್ತರದ್ದು ಬೇಕು, ಬಿಳೀ ಅಮೃತಶಿಲೆ ಬೇಕು. ಕೆಡವುವ ಮುಂಚೆ ಮಾತ್ರ ಚನ್ನಣ್ ಸಿಂಗರ ನೆನಪಾಗುತ್ತದೆ. ಹಳೇ ಗುಮ್ಮಟಕ್ಕೆ ಕಬ್ಬಿಣವಿಲ್ಲ, ಒಂದು ಸುತ್ತಿನ ಇಟ್ಟಿಗೆ ಇನ್ನೊಂದು ಸುತ್ತನ್ನು ಹಿಡಿದು ನಿಂತಿರುತ್ತದೆ. ತಿಳಿಯದವರು ಬುಡಕ್ಕೆ ಹಾರೆ ಹಾಕಿದರೆ ಇಡೀ ಗುಮ್ಮಟ ತಲೆಯ ಮೇಲೆ ಬರುತ್ತದೆ. ಕಟ್ಟಿದ ಕ್ರಮವನ್ನು ತಿರುಗುಮುರುಗಾಗಿ ಬಲ್ಲವರೇ ಇಳಿಸಬೇಕು, ಅಂಥವರು ಈ ಸೀಮೆಯಲ್ಲಿ ಇವರೊಬ್ಬರೇ. ವಿದ್ಯೆ ಕೈಹಿಡಿದಿದೆ ಎಂದು ಬೇಕಾದರೆ ಹೇಳಬಹುದು, ಹೀಗೆ ಹಿಡಿಯುವುದಕ್ಕಿಂತ ಬಿಟ್ಟುಹೋಗಿದ್ದರೇ ವಾಸಿಯಿತ್ತು.

ಮಗ ಪರಗಟ್ ಅಮೃತಶಿಲೆ ಕೂರಿಸುವ ಕೆಲಸದವನು. ಅಪ್ಪ ಇಳಿಸಿದ ಕಡೆಯಲ್ಲೆಲ್ಲ ಮಗನಿಗೆ ಕೆಲಸ ಸಿಗುತ್ತದೆ. "ನಾನು ಗೋರಿ ತೋಡ್ತೀನಿ, ಇವನು ಕಲ್ಲು ಹಾಸ್ತಾನೆ, ಒಳ್ಳೇ ಜೋಡಿ," ಎಂದು ಚನ್ನಣ್ ಸಿಂಗ್ ಊಟದ ಹೊತ್ತಿನಲ್ಲಿ ಕುಟುಕುತ್ತಾರೆ. ಪರಗಟ್ ತಲೆ ತಗ್ಗಿಸಿ ಸಾಸಿವೆ ಸೊಪ್ಪಿಗೆ ಬೆಣ್ಣೆ ಕಲಸುತ್ತಾನೆ. ಅವನ ತಪ್ಪೂ ಏನಿಲ್ಲ.

ತಪ್ಪು ಯಾರದ್ದೂ ಅಲ್ಲ, ಸಂಕಟವಿರುವುದೇ ಅಲ್ಲಿ. ಕೆಡವುವವರು ಶತ್ರುಗಳಾಗಿದ್ದರೆ ಎದೆಯೊಡ್ಡಿ ನಿಲ್ಲಬಹುದಿತ್ತು. ಇಲ್ಲಿ ಊರಿಗೆ ಊರೇ ತಲೆಗೆ ಬಟ್ಟೆ ಕಟ್ಟಿ, ಚಪ್ಪಲಿ ಬಿಟ್ಟು, ಹಾಡುತ್ತ ಬರುತ್ತದೆ. ಮಂಡಿ ಬಗ್ಗದ ಮುದುಕಿಯರೂ ಒಂದು ಬುಟ್ಟಿ ಗಾರೆಪುಡಿ ಹೊತ್ತು, ಜನ್ಮ ಸಾರ್ಥಕವಾಯಿತೆಂದು ಕಣ್ಣೀರಿಡುತ್ತಾರೆ. ಕೆಡವುವುದೂ ಸೇವೆ, ಕಟ್ಟುವುದೂ ಸೇವೆ. "ಬೈಯೋಣ ಅಂದ್ರೆ ಎಲ್ಲರೂ ಕೈ ಮುಗ್ದುಕೊಂಡು ನಿಂತಿರ್ತಾರೆ. ಯಾರನ್ನ ಬೈಲಿ ಹೇಳಿ?" ಅನ್ನುತ್ತಾರೆ ಚನ್ನಣ್ ಸಿಂಗ್.

ಕೋಟ್ ಸಧಾಣಾ ಚನ್ನಣ್ ಸಿಂಗರ ಸ್ವಂತ ಊರು. ಈ ಗುಮ್ಮಟವನ್ನೂ ಹೆಬ್ಬಾಗಿಲ ಮಂಟಪವನ್ನೂ ಕಟ್ಟಿದ್ದು ಅವರಪ್ಪ. ಇಳಿಸಲು ಅವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಹೆಬ್ಬಾಗಿಲ ಮಂಟಪವನ್ನು ಮುಟ್ಟಬಾರದು. ಅದರ ಒಳಗೋಡೆಯಲ್ಲಿ ರಮಜಾನ್ ಮಿಸ್ತ್ರಿ ಬರೆದ ಗುರು ನಾನಕರಿದ್ದಾರೆ, ಬೋರೆಮರದಡಿ, ಸಂಗಡಿಗರಾದ ಬಾಲಾ, ಮರ್ದಾನಾ ಜೊತೆಗೆ. ದೀಪದ ಮಸಿ ಕವಿದಿದ್ದರೂ, ಗೊತ್ತಿದ್ದವರು ಹತ್ತಿರ ಹೋದರೆ ಮರ್ದಾನಾನ ರಬಾಬ್ ವಾದ್ಯದ ತಂತಿಯನ್ನೂ ಎಣಿಸಬಹುದು. ಸುತ್ತಲಿನ ಬಳ್ಳಿ ಎಷ್ಟೋ ವರ್ಷದ ಮೇಲೆ ಅಪ್ಪ ಸೇರಿಸಿದ್ದು. ಆ ಬಳ್ಳಿಯಲ್ಲಿ ಎಡಗಡೆ ಕೂತಿರುವ, ಕೊಕ್ಕು ತುಸು ದಪ್ಪವಾದ ಗಿಳಿ ಚನ್ನಣ್ ಸಿಂಗ್ ತಾವೇ ಬರೆದ ಮೊದಲ ಚಿತ್ರ. "ಇಷ್ಟು ವರ್ಷ ಇಳಿಸಿದ್ದರಲ್ಲಿ ಒಂದೇ ಒಂದು ಗೋಡೆ ಉಳಿಸ್ಕೊಂಡೆ. ಇದೊಂದು ನಿಂತ್ರೆ ಸಾಕು." ಪ್ರಧಾನ ಲಖಬೀರ್ ಸಿಂಗ್ ಸೇರಿದ ಭಕ್ತರ ಸಂಗತ್ತಿನ ಎದುರು ಮಾತು ಕೊಟ್ಟಿದ್ದಾರೆ, ಆ ಮಾತನ್ನು ಉಳಿಸಿಕೊಂಡೂ ಇದ್ದಾರೆ. ಇದನ್ನು ಹೇಳಲೇಬೇಕು.

ಸಂಜೆಗೆ ದೊಡ್ಡ ಕೆಲಸವೊಂದಿದೆ. ಗುಮ್ಮಟವಿಲ್ಲದ ಸಭಾಂಗಣದಲ್ಲಿ ಗುರು ಗ್ರಂಥ ಸಾಹಿಬರನ್ನು, ಸಾಕ್ಷಾತ್ ಗುರುವೆಂದೇ ನಂಬುವ ಪವಿತ್ರ ಗ್ರಂಥವನ್ನು, ಇರಿಸಲಾಗದು. ಹೊಸ ಕಟ್ಟಡ ಏಳುವವರೆಗೆ ಹೆಬ್ಬಾಗಿಲ ಮಂಟಪವೇ ಅವರ ದರ್ಬಾರು. ಬೆಳಗಿನಿಂದಲೂ ಮಂಟಪದ ಎದುರು ಹಳದಿ ಪರದೆ ಕಟ್ಟಿದೆ. ಒಳಗೆ ಹೆಂಗಸರ ಹಾಡು, ಬಕೆಟ್ಟಿನ ಸದ್ದು. ನೆಲ ತೊಳೆಯುತ್ತಿದ್ದಾರೆ ಎಂದುಕೊಂಡು ಚನ್ನಣ್ ಸಿಂಗ್ ಮೇಲೆ ತಮ್ಮ ಪಾಡಿಗೆ ಉಳಿ ತಟ್ಟುತ್ತಾರೆ.

ಮಧ್ಯಾಹ್ನ ಅವರು ಇಳಿದು ಕೈಕಾಲು ತೊಳೆಯುವಾಗ ಸೊಸೆ ಸುಖವಂತ್ ಕೌರ್ ಓಡಿಬರುತ್ತಾಳೆ. ಮುಖದಲ್ಲಿ ಹಬ್ಬದ ಕಳೆ.

"ಬಾಪೂಜಿ, ಬನ್ನಿ ಬನ್ನಿ! ನಿಮ್ಮ ಗೋಡೆ ನೋಡಿ! ಗುರು ಮಹಾರಾಜರು ಕೂರೋ ಜಾಗ, ಮಸಿ ಹಿಡಿದಿರೋದು ಚೆನ್ನಾಗಿರುತ್ತಾ? ಸೋಪಿಗೆ ಜಗ್ಗಲಿಲ್ಲ. ಕೊನೆಗೆ ಕಲ್ಲು ತೊಳೆಯೋ ಆಸಿಡ್ ತಂದು, ಬ್ರಷ್ಷಲ್ಲಿ ಉಜ್ಜಿದ್ವಿ. ನೊರೆನೊರೆ ಬಂತು!"

ಪರದೆ ಸರಿಯುತ್ತದೆ. ಸುಣ್ಣ ಆಸಿಡ್ಡನ್ನು ತಡೆಯುವುದಿಲ್ಲ. ಗೋಡೆ ಬೆಳ್ಳಗಿದೆ, ತರಿತರಿಯಾಗಿದೆ. ಒಂದು ಮೂಲೆಯಲ್ಲಿ ನೀಲಿಯ ಕಲೆ, ಬುಡದಲ್ಲಿ ಹಸಿರು ನೀರು ಹರಿದ ಗುರುತು. ಬಾಲಾ ಇಲ್ಲ, ಮರ್ದಾನಾ ಇಲ್ಲ, ನಾನಕರಿಲ್ಲ. ಒಳಗಿರುವ ಹೆಂಗಸರೆಲ್ಲ ಮೆಚ್ಚುಗೆಯ ಮಾತಿಗಾಗಿ ಅವರ ಬಾಯನ್ನೇ ನೋಡುತ್ತಿದ್ದಾರೆ.

ಚನ್ನಣ್ ಸಿಂಗ್ ಕೈಯನ್ನು ಗೋಡೆಯವರೆಗೆ ಒಯ್ದು, ಮುಟ್ಟದೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಆಮೇಲೆ ಸೊಸೆಯ ಕೈ ಕಣ್ಣಿಗೆ ಬೀಳುತ್ತದೆ. ಬೆರಳೆಲ್ಲ ಕೆಂಪಗೆ ಸುಟ್ಟು ಚರ್ಮ ಸುಲಿದಿದೆ.

"ಕೈ ಸುಟ್ಕೊಂಡಿದೀಯಲ್ಲೇ ಹುಚ್ಚಿ. ಬಾ, ನೀರು ಹಾಕ್ತೀನಿ."

"ಸೇವೆ ಅಲ್ವಾ ಬಾಪೂಜಿ, ಉರಿ ಗೊತ್ತಾಗಲ್ಲ. ಚೆನ್ನಾಗಾಗಿದೆ ತಾನೆ?"

"ಆಗಿದೆ ಮಗಳೆ," ಅನ್ನುತ್ತಾರೆ. ನಲ್ಲಿಯ ಬಳಿ ಕೂರಿಸಿ ಅವಳ ಕೈಗೆ ಚೊಂಬುಚೊಂಬು ನೀರು ಸುರಿಯುತ್ತಾರೆ. ಅವಳಿಗೆ ಏನೂ ಗೊತ್ತಾಗಿಲ್ಲ. ಗೊತ್ತಾಗದಂತೆ ನೋಡಿಕೊಳ್ಳುವುದು ಇನ್ನು ಮೇಲೆ ಅವರ ಕೆಲಸ.

ಸಂಜೆ ಗುರು ಗ್ರಂಥ ಸಾಹಿಬರ ಸವಾರಿ ಮಂಟಪಕ್ಕೆ ಬರುತ್ತದೆ. ಬಿಳೀ ಗೋಡೆಯ ಎದುರು ಚಾಮರ ಬೀಸುತ್ತಾರೆ, ಊರು ಅಡ್ಡಬೀಳುತ್ತದೆ. ಚನ್ನಣ್ ಸಿಂಗರೂ ಎಲ್ಲರಂತೆ ಹಣೆಯನ್ನು ನೆಲಕ್ಕೆ ಮುಟ್ಟಿಸುತ್ತಾರೆ. ಏಳುವಾಗ ಪರಗಟ್ ತೋಳು ಹಿಡಿಯಬೇಕಾಗುತ್ತದೆ.

ಪ್ರಸಾದ ಕೈಗೆ ಬಿದ್ದ ಮೇಲೆ ಅವರು ಪ್ರಧಾನರ ಪಕ್ಕ ಹೋಗಿ ನಿಲ್ಲುತ್ತಾರೆ.

"ಲಖಬೀರ, ನಿನ್ನ ಮಾತಿಂದ ನಿನಗೆ ಬಿಡುಗಡೆ ಕೊಟ್ಟೆ. ಹೊಸದು ಎದ್ದ ಮೇಲೆ ಈ ಮಂಟಪಾನೂ ತೆಗೀರಿ."

"ಯಾಕೆ ಚಾಚಾ? ಅಷ್ಟು ಹಟ ಹಿಡಿದು ಉಳಿಸ್ಕೊಂಡಿದ್ದೆ!"

"ಹಟ ಮುಗೀತು. ಆದ್ರೆ ಯಂತ್ರ ತರಿಸಬೇಡ. ಅಲ್ಲೀವರೆಗೂ ನಾನು ಬದುಕಿದ್ರೆ ನನ್ನನ್ನೇ ಕರಿ. ನಮ್ಮಪ್ಪ ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಿದ್ದು, ಒಂದೊಂದೇ ಇಳಿಸ್ತೀನಿ."