ದೊಡ್ಡವ್ವ ಕೊಟ್ಟ ಗುಳಿಗೆ

ತಿಕೋಟಾದಲ್ಲಿರುವ ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಯಾರನ್ನೂ ಬರಿಗೈಲಿ ಕಳಿಸಿದವಳಲ್ಲ. ಬೇಡವೆಂದರೆ ಸಿಟ್ಟು. ಬಬಲೇಶ್ವರದಿಂದ ಅವ್ವ ಹೋದಾಗಲೆಲ್ಲ ತೋಟದ ದ್ರಾಕ್ಷಿ ಒಣಗಿಸಿದ ಮಣೂಕ, ಶೇಂಗಾ ಚಟ್ನಿ, ಒಂದು ಕುಪ್ಪಸದ ಬಟ್ಟೆ ಚೀಲ ಸೇರುತ್ತಿದ್ದವು. ನಾವೆಲ್ಲ ಅವಳ ಕೊಡುಗೈಯನ್ನು ಚೇಷ್ಟೆ ಮಾಡುತ್ತಲೇ ತಿಂದು ಬೆಳೆದವರು.

ಅಕ್ಕ-ತಂಗಿ ಇಬ್ಬರಿಗೂ ಎದೆಬಡಿತದ ತೊಂದರೆ. ಸುಮ್ಮನೆ ಕೂತಾಗಲೂ ಎದೆ ಡವಡವ ಓಡುವುದು, ನಡುವೆ ತಾಳ ತಪ್ಪುವುದು. ವಿಜಯಪುರದಲ್ಲಿ ಬೇರೆ ಬೇರೆ ಡಾಕ್ಟರು, ಬೇರೆ ಬೇರೆ ಗುಳಿಗೆ. ಕಳೆದ ಬೇಸಿಗೆಯಲ್ಲಿ ತಿಕೋಟಾಕ್ಕೆ ಹೋದ ಅವ್ವ, "ಗುಳಗಿ ನುಂಗಿದ್ರೂ ಎದಿ ಹಾರತೈತಿ ನೋಡಕ್ಕಾ" ಅಂದಳಂತೆ. ದೊಡ್ಡವ್ವ ಕತ್ತರಿ ತಂದು ತನ್ನ ಗುಳಿಗೆಯ ಸ್ಟ್ರಿಪ್ಪನ್ನು ಅರ್ಧಕ್ಕೆ ಕತ್ತರಿಸಿದಳು.

"ಇದು ನನಗ ಭಾಳ ಛಲೋ ಹತ್ತೇತಿ, ನೀನೂ ತಗೋ. ನಿಂದೂ ಬಿಡಬ್ಯಾಡ ಮತ್ತ. ಎರಡೂ ಕೂಡಿದ್ರ ಲಗೂ ಆರಾಮ ಆಕ್ಕೈತಿ."

ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಅದೇ ವಾರ, ಜೋಳ ಹಸನು ಮಾಡುತ್ತಾ ಕೂತಿದ್ದ ಅವ್ವ ಮೊರದ ಮೇಲೆಯೇ ವಾಲಿಬಿದ್ದಳು. ಪಕ್ಕದ ಮನೆಯವರ ಕಾರಿನಲ್ಲಿ ವಿಜಯಪುರಕ್ಕೆ ಹೊರಟೆವು. ನಾನು ಅವಳ ಮಣಿಕಟ್ಟು ಹಿಡಿದು ಕೂತೆ. ಒಂದು ಬಡಿತ ಸಿಕ್ಕ ಮೇಲೆ ಇನ್ನೊಂದಕ್ಕೆ ಕಾಯಬೇಕಾಗುತ್ತಿತ್ತು. ಸಾರವಾಡ ದಾಟುವಾಗ ಎಷ್ಟು ಕಾದರೂ ಸಿಗದೆ ನನ್ನ ಜೀವ ಬಾಯಿಗೆ ಬಂತು.

"ಬ್ಯಾರೆ ಗುಳಗಿ ಏನರೆ ತಗೋತಾರೇನು?" ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು. ಇಲ್ಲ ಎನ್ನುವಷ್ಟರಲ್ಲಿ ನರ್ಸ್ ಅವ್ವನ ಎಲೆಯಡಿಕೆಯ ಚಂಚಿ ಬಿಚ್ಚಿದಳು. ಅಡಿಕೆ ಹೋಳುಗಳ ನಡುವೆ ಕತ್ತರಿಸಿದ ಆ ಸ್ಟ್ರಿಪ್ಪು ಇತ್ತು. ಡಾಕ್ಟರು ಅದನ್ನು ತಿರುಗಿಸಿ ನೋಡಿದರು.

"ಗುಳಗಿ ಬ್ಯಾರೆ ಬ್ಯಾರೆ ಖರೆ, ಆದ್ರ ಎರಡೂ ಎದಿ ಬಡಿತಾನ ತಗ್ಗಸ್ತಾವ್ರಿ. ನಮ್ಮನ್ನ ಕೇಳದ ಕೂಡಿಸಿ ತಗೊಂಡ್ರ ಎದಿ ನಿಂತ ಹೋಗಬಹುದು."

ಅದು ದೊಡ್ಡವ್ವ ಕೊಟ್ಟದ್ದೆಂದು ಅವ್ವ ಕ್ಷೀಣ ದನಿಯಲ್ಲಿ ಹೇಳಿದಳು. ದೊಡ್ಡವ್ವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಫೋನಿನಲ್ಲಿ ಬಾಯಿಗೆ ಬಂದಂತೆ ಅಂದೆ.

ಡಾಕ್ಟರು ತಂತಿ ಹಾಕಿ ಯಂತ್ರದಿಂದ ಅವ್ವನ ಎದೆ ನಡೆಸಿದರು. ಗುಳಿಗೆಗಳ ಜೋರು ಇಳಿದ ಮೇಲೆ ಅದು ತಾನಾಗಿ ನಡೆಯಿತು. ಅವಳು ಎದ್ದು ಕೂತ ದಿನ ದೊಡ್ಡವ್ವ ಬಂದಳು. ಚೀಲವನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಳು. ನನ್ನ ಮುಖ ನೋಡಲಿಲ್ಲ.

"ಏನ್ ತಂದಿ ಅಕ್ಕಾ?" ಎಂದು ಅವ್ವನೇ ಕೈ ಚಾಚಿದಳು.

ದೊಡ್ಡವ್ವ ಕೊಡಲಿಲ್ಲ. ನರ್ಸ್ ಕಡೆ ತಿರುಗಿ, ಚೀಲದ ಬಾಯಿ ಬಿಚ್ಚಿ ತೋರಿಸಿದಳು.

"ಮಣೂಕ ಅದಾವ್ರಿ, ಬಾಯಾರ. ನನ್ನ ತಂಗಿಗಿ ಕೊಡ್ಲೇನ್ರಿ?"