ಎರಡು ಶಾಸ್ತ್ರ ಓದಿದವನ ಮನೆಗೆ ಸಂಬಂಧ

ನೀವು ಓದಿದ್ದೇನು ಎಂದು ಯಾರಾದರೂ ಕೇಳಿದಾಗ ಮನಃಶಾಸ್ತ್ರ ಎಂದರೆ ಅವರ ಮುಖ ಸ್ವಲ್ಪ ಬಿಗಿಯಾಗುತ್ತದೆ. ಜೊತೆಗೆ ಅಪರಾಧಶಾಸ್ತ್ರ ಎಂದು ಸೇರಿಸಿದರೆ ಅವರ ಕೈ ತಾನಾಗಿಯೇ ಅಂಗಿಯ ಗುಂಡಿಗೆ ಹೋಗುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಒಂದೇ ಗಾದೆಯಲ್ಲಿ ನಮ್ಮ ಹಿರಿಯರು ಈ ಎರಡೂ ಶಾಸ್ತ್ರಗಳ ಸಾರಸರ್ವಸ್ವವನ್ನು ಹೇಳಿ ಮುಗಿಸಿರುವಾಗ, ಅದಕ್ಕಾಗಿ ಮೂರು ವರ್ಷ ಬಿ.ಎ. ತರಗತಿಯ ಬೆಂಚು ಸವೆಸುವ ದರ್ದು ನನಗೇನಿತ್ತು ಎಂದು ನೀವು ಕೇಳಬಹುದು. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಸೋದರಮಾವನೂ ಅದನ್ನೇ ಕೇಳಿದ್ದರು.

ಬೆಳಗ್ಗಿನ ಮೊದಲ ಪಿರಿಯಡಿನಲ್ಲಿ ಮನುಷ್ಯ ತನಗೇ ತಿಳಿಯದಂತೆ ಏನೇನನ್ನು ಬಚ್ಚಿಡುತ್ತಾನೆ ಎಂಬ ಪಾಠ, ಎರಡನೆಯದರಲ್ಲಿ ತಿಳಿದೇ ಏನೇನನ್ನು ಬಚ್ಚಿಡುತ್ತಾನೆ ಎಂಬ ಪಾಠ. ಇವೆರಡನ್ನೂ ಒಂದೇ ಹೊಟ್ಟೆಗೆ ಇಳಿಸಿಕೊಂಡವನಿಗೆ ಮಧ್ಯಾಹ್ನದ ಗಂಜಿಯೂ ಸಂಶಯಾಸ್ಪದವಾಗಿ ಕಾಣುವುದು ಸಹಜ. ಅಂಚೆಯವನು ನಗುತ್ತಾ ಬಂದರೆ ಏಕೆ ನಗುತ್ತಾನೆ, ನಗದೆ ಬಂದರೆ ಏನಾಗಿದೆ ಎಂದು ತಲೆ ಕೆರೆದುಕೊಳ್ಳುತ್ತಿದ್ದೆ. ಅಮ್ಮ ಮೀನಿನ ತುಂಡನ್ನು ಅಕ್ಕನ ಬಟ್ಟಲಿಗೆ ಮೊದಲು ಹಾಕಿದ್ದರ ಹಿಂದಿನ ಸುಪ್ತ ಕಾರಣವನ್ನು ನಾನು ವಿವರಿಸಿದ ದಿನ ನನ್ನ ಬಟ್ಟಲಿಗೆ ಬರೀ ಸಾರು ಬಿತ್ತು.

ಅಕ್ಕ ವಸಂತಿ ಎಸ್.ಎಸ್.ಎಲ್.ಸಿ.ಗೇ ಓದು ನಿಲ್ಲಿಸಿ ಕೊಟ್ಟಾರದ ನಮ್ಮ ಮನೆಯ ಜಗಲಿಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಎರಡು ಸಂಬಂಧಗಳು ಬಂದು ತಪ್ಪಿಹೋಗಿದ್ದವು. ಮೂರನೆಯದು ಕುದ್ರೋಳಿಯಿಂದ ಬಂತು. ಹುಡುಗ ಸದಾನಂದ, ಬೆಂಗ್ರೆಯ ದೋಣಿಯವರಿಗೆ ಬಲೆ, ಹಗ್ಗ ಮಾರುವ ಅಂಗಡಿ ಅವನ ಸೋದರಮಾವನದ್ದು. ಜಾತಕ ಕೂಡಿತ್ತು. ಅವನ ಫೋಟೋವನ್ನು ಅಕ್ಕ ನೂಲಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಇದನ್ನು ಪತ್ತೆಹಚ್ಚಲು ಯಾವ ಶಾಸ್ತ್ರವೂ ಬೇಕಿರಲಿಲ್ಲ, ಡಬ್ಬಿಯನ್ನು ಅವಳು ದಿನಕ್ಕೆ ಹತ್ತು ಸಲ ತೆರೆಯುತ್ತಿದ್ದಳು.

ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಇನ್ನೊಂದು ಶಾಸ್ತ್ರವಿದೆ. ಎರಡೂ ಕಡೆಯವರು ತಮ್ಮ ಕಡೆಯ ಒಬ್ಬ ಅಪರಿಚಿತ ಮುಖವನ್ನು ಇನ್ನೊಬ್ಬರ ಊರಿಗೆ ಕಳಿಸಿ, ಹೋಟೆಲಿನಲ್ಲೋ ಕ್ಷೌರದಂಗಡಿಯಲ್ಲೋ ಕೂರಿಸಿ ಮೆಲ್ಲಗೆ ವಿಚಾರ ಮಾಡಿಸಬೇಕು. ಈ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂತು. ನನಗಾದ ಹೆಮ್ಮೆಯನ್ನು ಏನು ಹೇಳಲಿ!

ಕುದ್ರೋಳಿಯ ಒಂದು ಹೋಟೆಲಿನಲ್ಲಿ ಗೋಳಿಬಜೆ ತರಿಸಿಕೊಂಡು ಕೂತೆ. ಎದುರಿಗೆ ಒಬ್ಬ ಮುದುಕರು ಚಾ ಕುಡಿಯುತ್ತಿದ್ದರು. ಸದಾನಂದನ ಬಗ್ಗೆ ಕೇಳಿದೆ. ಚಿನ್ನದಂಥ ಹುಡುಗ ಎಂದರು. ಹೊಗಳಿಕೆ ಅತಿಯಾಯಿತೆಂದು ನಾನು ಮನಸ್ಸಿನಲ್ಲೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡೆ. ಆಮೇಲೆ ಅವರು ನನ್ನ ಊರು ಕೇಳಿ, ಕೊಟ್ಟಾರದ ಕಡೆಯವನು ಎಂದೊಡನೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದರು.

"ಅಲ್ಲಿ ಹೊಲಿಗೆ ಟೀಚರ್ ವಸಂತಿಯ ಮನೆ ಉಂಟಲ್ಲ, ಅವಳ ತಮ್ಮ ಹುಚ್ಚಿನದ್ದೂ ಕಳ್ಳತನದ್ದೂ ಒಟ್ಟಿಗೆ ಓದುವುದಂತೆ. ಅದೆಂತಕ್ಕೆ ಮಾರಾಯ? ಮನೆಯಲ್ಲಿ ಯಾರಿಗಾದರೂ ತಲೆ ಸರಿ ಇಲ್ವಾ? ಕೋರ್ಟಲ್ಲಿ ಕೇಸು ಗೀಸು ಉಂಟಾ?"

ವಿಚಾರಣೆ ಮಾಡುವವನು ತನ್ನ ಗುರುತು ಬಿಟ್ಟುಕೊಡಬಾರದು, ಎದುರಿನವನು ಹೇಳಿದ್ದಕ್ಕೆಲ್ಲ ಹೂಂಗುಟ್ಟಿ ಅವನ ವಿಶ್ವಾಸ ಗಳಿಸಬೇಕು ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಆ ಪಾಠವನ್ನು ನಾನು ಅಕ್ಷರಶಃ ಪಾಲಿಸಿದೆ.

"ಎಂತದೋ ಉಂಟು ಅಂತ ನಾನೂ ಕೇಳಿದ್ದೇನೆ," ಎಂದೆ.

ಮುದುಕರು ತಲೆಯಾಡಿಸಿ ಎದ್ದರು, ರಸ್ತೆ ದಾಟಿದರು, ಎದುರಿನ ಬಲೆಯ ಅಂಗಡಿಗೆ ಹೋಗಿ ಯಜಮಾನರ ಕುರ್ಚಿಯಲ್ಲಿ ಕೂತರು. ಅವರೇ ಸದಾನಂದನ ಮಾವ. ಓಡಿಹೋಗಿ ಅವರ ಕಾಲು ಹಿಡಿಯಬೇಕಿತ್ತು. ನಾನು ಬಸ್ಸು ಹಿಡಿದೆ.

ಮೂರೇ ದಿನಕ್ಕೆ ಮದುವೆ ದಲ್ಲಾಳಿ ಬಂದು, ಹುಡುಗನಿಗೆ ಈ ವರ್ಷ ಗುರುಬಲ ಇಲ್ಲವಂತೆ ಎಂದು ಹೇಳಿಹೋದ. ಕೂಡಿದ ಜಾತಕದಲ್ಲಿ ಗುರು ರಾತ್ರೋರಾತ್ರಿ ಎಲ್ಲಿಗೆ ಹೋದ ಎಂದು ನಮ್ಮ ಮಾವ ಗುಡುಗಿದರು. ಯಾರೋ ಕಿವಿಯೂದಿದ್ದಾರೆ ಎಂಬುದು ಅವರ ತೀರ್ಮಾನ. ಅಮ್ಮನ ಸಂಶಯ ಪಕ್ಕದ ಮನೆಯ ಪದ್ದಕ್ಕನ ಮೇಲೆ ಹೋಯಿತು. ಇಪ್ಪತ್ತು ವರ್ಷಗಳಿಂದ ಬೇಲಿಯ ಮೇಲೆ ಆಚೀಚೆ ದಾಟುತ್ತಿದ್ದ ಪಲ್ಯದ ಬಟ್ಟಲು ನಿಂತಿತು. ಮಾವನ ಸಂಶಯ ದಲ್ಲಾಳಿಯ ಮೇಲೆ. ಕೊನೆಗೆ ಅವರು ನನ್ನ ಕಡೆ ತಿರುಗಿದರು.

"ನೀನೇ ಕಂಡುಹಿಡಿ ಯಾರು ಅಂತ. ಇಷ್ಟು ಓದಿದ್ದು ಮತ್ತೆ ಎಂತಕ್ಕೆ?"

ಹೀಗೆ, ಓದುಗ ಮಹಾಶಯರೇ, ನನ್ನ ವೃತ್ತಿಜೀವನದ ಮೊದಲ ಮತ್ತು ಕೊನೆಯ ಪ್ರಕರಣದಲ್ಲಿ ಪತ್ತೇದಾರನೂ ನಾನೇ, ಅಪರಾಧಿಯೂ ನಾನೇ ಆದೆ. ನೋಟ್‌ಬುಕ್ಕು ಹಿಡಿದು ಬೀದಿ ಸುತ್ತಿದೆ, ಗಂಭೀರವಾಗಿ ಮನೆಗೆ ಮರಳಿ ಇನ್ನೂ ಸುಳಿವು ಸಿಕ್ಕಿಲ್ಲ ಎನ್ನುತ್ತಿದ್ದೆ. ಪದ್ದಕ್ಕ ಬಾವಿಕಟ್ಟೆಯಲ್ಲಿ ಒಬ್ಬರೇ ನಿಂತು ನಮ್ಮ ಮನೆಯ ಕಡೆ ನೋಡುವಾಗ ನಾನು ನೋಟ್‌ಬುಕ್ಕನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಅಕ್ಕನ ನೂಲಿನ ಡಬ್ಬಿ ತೆರೆಯದೆ ಬಿದ್ದಿತ್ತು. ನನಗೆ ನಾಚಿಕೆಯಾಗುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ.

ಹನ್ನೊಂದನೆಯ ದಿನ ಅಕ್ಕ ಹೊಲಿಗೆಯ ಯಂತ್ರವನ್ನು ನಿಲ್ಲಿಸಿ, ತಲೆಯೆತ್ತದೆ ಹೇಳಿದಳು:

"ಕುದ್ರೋಳಿಯಲ್ಲಿ ಎಂತ ಹೇಳಿ ಬಂದದ್ದು ನೀನು?"

ಹೇಗೆ ಗೊತ್ತಾಯಿತು ಎಂದು ಕೇಳಿದ್ದಷ್ಟೇ ನನ್ನಿಂದಾದದ್ದು.

"ಅಮ್ಮನಿಗೆ ಪದ್ದಕ್ಕನ ಮೇಲೆ ಸಂಶಯ, ಮಾವನಿಗೆ ದಲ್ಲಾಳಿಯ ಮೇಲೆ. ಅಂಚೆಯವನನ್ನೂ ಬಿಡದ ನೀನು ಮಾತ್ರ ಇಷ್ಟು ದಿನ ಯಾರನ್ನೂ ಸಂಶಯ ಮಾಡ್ಲಿಲ್ಲ. ನೀನೇ ಹೇಳ್ತೀಯಾ ಅಂತ ಕಾದೆ."

ಎರಡು ಶಾಸ್ತ್ರಗಳೂ ಅವಳ ಎದುರು ಶರಣಾದವು. ನಾನು ಎಲ್ಲವನ್ನೂ ಹೇಳಿದೆ. ಅವಳು ಬಯ್ಯಲಿಲ್ಲ, ಅಳಲೂ ಇಲ್ಲ. ಮೊದಲು ಪದ್ದಕ್ಕನ ಮನೆಗೆ, ಅಲ್ಲಿಂದ ಸೀದಾ ಕುದ್ರೋಳಿಗೆ ಹೋಗು ಎಂದಳು. ಪದ್ದಕ್ಕ ಎರಡು ಬೈದು ಒಂದು ಲೋಟ ಮಜ್ಜಿಗೆ ಕೊಟ್ಟರು. ಕುದ್ರೋಳಿಯ ಅಂಗಡಿಯಲ್ಲಿ ಹಗ್ಗದ ಸುರುಳಿಗಳ ನಡುವೆ ನಿಂತು, ಆ ತಮ್ಮ ನಾನೇ, ನಮ್ಮ ಮನೆಯಲ್ಲಿ ಹುಚ್ಚೂ ಇಲ್ಲ, ಕೇಸೂ ಇಲ್ಲ, ಇರುವ ದೋಷ ನಾನೊಬ್ಬನೇ ಎಂದು ಒದರಿಬಿಟ್ಟೆ.

ಮುದುಕರು ಕನ್ನಡಕ ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ಅಷ್ಟು ಸಂಶಯದ ಕಣ್ಣುಗಳನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ.

"ನೀನಾಗಿ ಬಂದದ್ದಾ, ಯಾರಾದ್ರೂ ಕಳಿಸಿದ್ದಾ?"

ನಾನಾಗಿಯೇ ಬಂದೆ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ.

"ಅಕ್ಕ ಕಳಿಸಿದ್ದು."

"ಹಾಗಾದ್ರೆ ನಿನ್ನನ್ನು ಕಳಿಸಿದ ಆ ಹುಡುಗಿಯನ್ನು ನೋಡ್ಲಿಕ್ಕೆ ಬರ್ತೇವೆ ಅಂತ ನಿನ್ನ ಮಾವನಿಗೆ ಹೇಳು," ಎಂದರು. ಈ ಸಲ ನಾನು ಅವರ ಕಾಲು ಹಿಡಿದೇ ಬಸ್ಸು ಹಿಡಿದೆ.